ಲೈನಿನ ಕೊನೆಯ ಮೋಟಾರು

ನಾರಾಯಣಖೇಡದ ಹೊಲಗಳಲ್ಲಿ ವೋಲ್ಟೇಜಿನ ಪಾಠವನ್ನು ಕೊಳವೆಬಾವಿಯ ಮೋಟಾರು ಕಲಿಸುತ್ತದೆ. ಟ್ರಾನ್ಸ್‌ಫಾರ್ಮರಿನಿಂದ 415 ವೋಲ್ಟ್ ಹೊರಟರೂ ತಂತಿಯ ರೋಧವು ದಾರಿಯುದ್ದಕ್ಕೂ ಸುಂಕ ಪಡೆಯುತ್ತದೆ. ಹರಿಯುವ ಕರೆಂಟು ಹೆಚ್ಚಿದಷ್ಟೂ ಸುಂಕ ಹೆಚ್ಚು. ವೋಲ್ಟೇಜು ಇಳಿದರೆ ಮೋಟಾರಿಗೆ ದಣಿವು ಕಡಿಮೆಯೆಂಬ ಭಾವನೆಯುಂಟು. ಆಗುವುದು ತದ್ವಿರುದ್ಧ: ಎತ್ತಬೇಕಾದ ನೀರಿನ ಭಾರ ತಗ್ಗದು, ಆದ್ದರಿಂದ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಇಮ್ಮಡಿಯಾದರೆ ಶಾಖ ನಾಲ್ಮಡಿ, ವೈಂಡಿಂಗ್ ಸುಡುತ್ತದೆ. 2018ರ ಜನವರಿ 1ರಿಂದ ತೆಲಂಗಾಣದ ಕೃಷಿಗೆ 24 ಗಂಟೆಯ ಉಚಿತ ವಿದ್ಯುತ್ತು ಬಂದಿತು. ರಿವೈಂಡಿಂಗ್ ಮಾತ್ರ ಉಚಿತವಲ್ಲ.

1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 54ನೆಯ ನಿಯಮವೇ ಏರಿಳಿತಕ್ಕೆ ಶೇಕಡ 6ರ ಮಿತಿ ಹಾಕಿತ್ತು. ಅದೂ ಗ್ರಾಹಕನಿಗೆ ಪೂರೈಕೆ ಆರಂಭವಾಗುವ ಬಿಂದುವಿನಲ್ಲಿ, ಟ್ರಾನ್ಸ್‌ಫಾರ್ಮರಿನ ಬುಡದಲ್ಲಲ್ಲ. ನೆರೆಹೊರೆಯ ಮೋಟಾರುಗಳೆಲ್ಲ ನಿಂತಿರುವಾಗ ಅಳೆದರೆ ಕೊರತೆ ಕಾಣಿಸದು. ಅವೆಲ್ಲ ಓಡುವ ವೇಳೆಯಲ್ಲಿ ಅಳೆದು, ದಿನಾಂಕ ಸಮಯ ಬರೆದ ಅಂಕಿಯೇ ರೈತನ ಅರ್ಜಿಗೆ ಸಾಕ್ಷ್ಯ.