ಚೋಬೆ ನದಿಯ ದಂಡೆಯಲ್ಲಿ ಶ್ರಾವಣ ಸೋಮವಾರ

2024ರ ಆಗಸ್ಟ್ 9ರಂದು ದಕ್ಷಿಣ ಆಫ್ರಿಕದಲ್ಲಿ ಮಹಿಳಾ ದಿನದ ರಜೆ. ಜೋಹಾನ್ಸ್‌ಬರ್ಗಿನಲ್ಲಿ ಉದ್ಯೋಗದಲ್ಲಿರುವ ತಮ್ಮನ ಮನೆಗೆ ಹೋಗಿದ್ದ ನಾವು, ತಾಯಿಯವರೂ ಮಕ್ಕಳೂ ಸೇರಿ ಏಳು ಜನ, ಅಂದು ನಸುಕಿನಲ್ಲಿಯೇ ವಾಹನವೇರಿ ಉತ್ತರಕ್ಕೆ ಹೊರಟೆವು. ಬೋಟ್ಸ್ವಾನಾ ದೇಶದ ಉತ್ತರದ ಅಂಚಿನಲ್ಲಿರುವ ಕಸಾನೆ ಎಂಬ ಊರಿನ ನದಿತೀರದ ಅತಿಥಿಗೃಹಕ್ಕೆ ನಮ್ಮ ಪಯಣ. ದೂರ ಸುಮಾರು 1,200 ಕಿಲೋಮೀಟರು. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ತಾಯಿಯವರ ಚೀಲದಲ್ಲಿ ಪೂಜೆಯ ಬೆಳ್ಳಿಯ ಗಿಂಡಿಯೊಂದು ಖಾಲಿಯಾಗಿಯೇ ಬಂದಿತ್ತು. ಮಲಪ್ರಭೆಯ ದಂಡೆಯ ನಮ್ಮೂರಿನಲ್ಲಿ ಶ್ರಾವಣ ಸೋಮವಾರಗಳಂದು ಹೊಳೆಯ ನೀರಿನಿಂದಲೇ ಇಷ್ಟಲಿಂಗಕ್ಕೆ ಮಜ್ಜನ ಮಾಡುವುದು ನಲವತ್ತು ವರ್ಷಗಳಿಂದ ಅವರ ನಿಯಮ. “ಹೊಳಿ ದಂಡಿಗೇ ಹೊಂಟೀವಿ, ಚಿಂತಿ ಯಾಕ?” ಎಂದು ಅವರು ನಿಶ್ಚಿಂತರಾಗಿದ್ದರು.

ಲಿಂಪೊಪೊ ನದಿಯೇ ಗಡಿ. ಅದನ್ನು ದಾಟಿ ಆ ರಾತ್ರಿ ಫ್ರಾನ್ಸಿಸ್‌ಟೌನಿನಲ್ಲಿ ತಂಗಿದೆವು. ಮರುದಿನ ನಾಟಾ ಎಂಬ ಊರಿನಿಂದ ಮುಂದಿನ 300 ಕಿಲೋಮೀಟರು ಆನೆಗಳ ದಾರಿ. ಈ ದೇಶದಲ್ಲಿ ಸುಮಾರು 1,30,000 ಆನೆಗಳಿವೆ. ಅವುಗಳಲ್ಲಿ ಒಂದು ರಸ್ತೆಯ ನಡುವೆ ನಿಂತು ಸೊಪ್ಪು ಮುರಿಯುತ್ತಿತ್ತು. ನಾವು ದೂರದಲ್ಲಿಯೇ ಅರ್ಧ ತಾಸು ಕಾದೆವು. ಕತ್ತಲಾದ ಮೇಲೆ ಇಲ್ಲಿ ಪ್ರಯಾಣ ಸಲ್ಲದೆಂಬ ಮಾತು ಏಕೆಂದು ತಿಳಿಯಿತು.

ಅತಿಥಿಗೃಹದ ಅಂಗಳದಲ್ಲಿ ಕಾಡುಹಂದಿಗಳು ಮೊಣಕಾಲೂರಿ ಹುಲ್ಲು ಮೇಯುತ್ತಿದ್ದವು. ಅದರಾಚೆ ಹೊಳೆ. ಆದರೆ ನೀರಿಗಿಳಿಯಬಾರದೆಂದು ಅಲ್ಲಿಯವರು ಬಂದ ಗಳಿಗೆಯಲ್ಲಿಯೇ ಎಚ್ಚರಿಸಿದರು. ಮೊಸಳೆ, ನೀರಾನೆಗಳ ಭಯ. ತಾಯಿಯವರ ಮುಖ ಬಾಡಿತು. “ಹೊಳಿ ಕಣ್ಣೆದುರಿಗೇ ಐತಿ, ಮುಟ್ಟಾಕ ಬರೂದಿಲ್ಲ” ಎಂದು ಗಿಂಡಿಯನ್ನು ಮತ್ತೆ ಚೀಲದಲ್ಲಿಟ್ಟರು. ನಲ್ಲಿಯ ನೀರೂ ಹೊಳೆಯದೇ ಅಲ್ಲವೇ ಎಂದು ನಾವು ವಾದಿಸಿದೆವು. ಅವರು ಉತ್ತರಿಸಲಿಲ್ಲ. ಆ ವಾದ ನಮಗೂ ಅಷ್ಟೇನೂ ರುಚಿಸಿರಲಿಲ್ಲ.

ಭಾನುವಾರ ಸಂಜೆ ದೋಣಿಯಲ್ಲಿ ಸೆಡುಡು ದ್ವೀಪದ ಕಡೆಗೆ ಹೋದೆವು. ಆನೆಗಳ ಹಿಂಡು ಸೊಂಡಿಲು ಮೇಲೆತ್ತಿ ಈಜುತ್ತ ದ್ವೀಪದ ಹುಲ್ಲಿಗೆ ಸಾಗಿತ್ತು. ಹೊಳೆಯ ಆಚೆ ದಡ ನಮೀಬಿಯಾ. ಈ ದ್ವೀಪಕ್ಕಾಗಿ ಎರಡು ದೇಶಗಳೂ ವ್ಯಾಜ್ಯವಾಡಿ, ಒಮ್ಮತದಿಂದ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. 1999ರಲ್ಲಿ ತೀರ್ಪು ಬೋಟ್ಸ್ವಾನಾದ ಪರವಾಯಿತು. ನದಿನೀರಿನ ಜಗಳಗಳನ್ನು ತಲೆಮಾರುಗಳಿಂದ ಕಂಡ ನಮಗೆ ಇದು ಅಸೂಯೆಯ ಸಂಗತಿಯೇ ಸರಿ.

ಮರಳುವಾಗ ತಮ್ಮನು ದೋಣಿಯವನಿಗೆ ತಾಯಿಯವರ ನಿಯಮವನ್ನು ತಿಳಿಸಿದ. ಆ ಯುವಕ ಯಂತ್ರವನ್ನು ನಿಲ್ಲಿಸಿ, ಹಗ್ಗ ಕಟ್ಟಿದ ಬಕೀಟನ್ನು ನಡುಹೊಳೆಗೆ ಇಳಿಬಿಟ್ಟು ಸೇದಿ, ಗಿಂಡಿಯನ್ನು ತುಂಬಿಸಿ ಎರಡೂ ಕೈಗಳಿಂದ ತಾಯಿಯವರಿಗೆ ಕೊಟ್ಟ. “ಪುಲಾ” ಎಂದ. ಸೆಟ್ಸ್ವಾನಾ ಭಾಷೆಯಲ್ಲಿ ಪುಲಾ ಎಂದರೆ ಮಳೆ. ಆ ದೇಶದ ನಾಣ್ಯದ ಹೆಸರೂ ಅದೇ, ಹರಸುವ ಮಾತೂ ಅದೇ. ಆ ವರ್ಷ ಅಲ್ಲಿ ಭೀಕರ ಬರ. ಅರ್ಥ ಕೇಳಿದ ತಾಯಿಯವರು ಅವನ ತಲೆಯ ಮೇಲೆ ಕೈಯಿಟ್ಟು ತಾವೂ “ಪುಲಾ” ಎಂದರು.

ಶ್ರಾವಣದ ಎರಡನೆಯ ಸೋಮವಾರ, ಸೋಸಿ ಕಾಯಿಸಿ ಆರಿಸಿದ ಆ ನೀರಿನಿಂದ ಜಗಲಿಯಲ್ಲಿ ಪೂಜೆ ನಡೆಯಿತು. ಎಂದೂ ಎಬ್ಬಿಸದೆ ಏಳದ ಮೊಮ್ಮಗ ತಾನಾಗಿ ಬಂದು ಪಾದೋದಕಕ್ಕೆ ಕೈಯೊಡ್ಡಿದ.

ಮರಳುವ ದಾರಿಯಲ್ಲಿ ಕಾಲುಬಾಯಿ ಬೇನೆಯ ತಪಾಸಣೆಯ ಗೇಟು. ಹಸಿಮಾಂಸವನ್ನು ಹುಡುಕುತ್ತ ಸಿಬ್ಬಂದಿಯವರು ನಮ್ಮ ಡಬ್ಬಿಗಳನ್ನು ತೆರೆದರು. ಸಿಕ್ಕಿದ್ದು ಉಳಿದ ರೊಟ್ಟಿಯ ಚೂರುಗಳು ಮತ್ತು ವಿಭೂತಿ ಗಟ್ಟಿ. ಇದೇನೆಂದು ಕೇಳಿದಾಗ ತಾಯಿಯವರು ಹಣೆಗೆ ಹಚ್ಚಿ ತೋರಿಸಿದರು. ಅವರು ನಕ್ಕು, ಚಪ್ಪಲಿಗಳನ್ನು ಔಷಧದ ನೀರಿನಲ್ಲಿ ಅದ್ದಲು ಹೇಳಿ ದಾರಿ ಬಿಟ್ಟರು.