ರೊಟ್ಟಿ ಬಡಿಯುವ ಸಪ್ಪಳ

ಹೊಸ ಊರಿನಲ್ಲಿ ಊಟದ ಜಾಗ ಹುಡುಕುವಾಗ ನಾನು ಕಣ್ಣಿಗಿಂತ ಕಿವಿಯನ್ನು ನಂಬುತ್ತೇನೆ. ಇದನ್ನು ಕಲಿಸಿದ್ದು ಧಾರವಾಡ. ತುಮಕೂರು ಕಡೆಯ ಮುದ್ದೆ ಉಂಡು ಬೆಳೆದ ನಾನು ವರ್ಗವಾಗಿ ಅಲ್ಲಿಗೆ ಹೋದ ಹೊಸದರಲ್ಲಿ ದೊಡ್ಡ ಬೋರ್ಡು ಕಂಡಲ್ಲಿ ಉಣ್ಣುತ್ತಿದ್ದೆ. ಹೊಟ್ಟೆ ತುಂಬುತ್ತಿತ್ತು, ಉಂಡ ಹಾಗಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಓಣಿಯೊಂದರಲ್ಲಿ ಹೋಗುವಾಗ ಪಟಪಟ ಸಪ್ಪಳ ಕೇಳಿಸಿತು. ಮೆದುವಾದ, ತಾಳ ತಪ್ಪದ ಸಪ್ಪಳ. ಬಗ್ಗಿ ನೋಡಿದರೆ ಒಬ್ಬ ತಾಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಬಾಗಿಲ ಮೇಲೆ ಬಣ್ಣ ಮಾಸಿದ ಅಕ್ಷರ: ಲಿಂಗಾಯತ ಖಾನಾವಳಿ.

ಆ ಸೀಮೆಯಲ್ಲಿ ಹೋಟೆಲು ಬೇರೆ, ಖಾನಾವಳಿ ಬೇರೆ. ಚಹಾ, ತಿಂಡಿಗೆ ಹೋಟೆಲು, ಖಾನಾವಳಿಯಲ್ಲಿ ಊಟವೊಂದೇ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಊರು ಅದು. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ, ಒಂಟಿ ನೌಕರರಿಗೆ, ಕೋರ್ಟು ಕಚೇರಿಗೆಂದು ಬಂದ ರೈತರಿಗೆ ಮನೆಯ ಅಡುಗೆಯೇ ಬೇಕು. ತಿಂಗಳಿಗೆ ಇಷ್ಟೆಂದು ಕೊಟ್ಟು ಎರಡು ಹೊತ್ತು ಉಣ್ಣುವ ರೂಢಿ ಈಗಲೂ ಇದೆ. ಮಾಂಸದೂಟಕ್ಕೆ ಸಾವಜಿ ಖಾನಾವಳಿಗಳುಂಟು.

ಆ ಓಣಿಯ ಖಾನಾವಳಿಯಲ್ಲಿ ನಾನು ದಿನವೂ ಒಲೆ ಕಾಣುವ ಮೂಲೆಯಲ್ಲೇ ಕೂರುತ್ತಿದ್ದೆ. ಜೋಳದಲ್ಲಿ ಗೋಧಿಯ ಗ್ಲುಟೆನ್ ಇಲ್ಲ. ಹಿಟ್ಟು ಒಂದಾಗಿ ಹಿಡಿಯಬೇಕಾದರೆ ಕುದಿನೀರು ಸುರಿದು, ಅಂಗೈ ಸುಡುವಾಗಲೇ ನಾದಬೇಕು. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿದರೆ ಅಂಚು ಬಿರಿಯುತ್ತದೆ. ನಾವೆಲ್ಲ ಅಕ್ಕಾರು ಎನ್ನುತ್ತಿದ್ದ ಆ ತಾಯಿಯ ಕೈಯಲ್ಲಿ ಉಂಡೆ ತಿರುಗುತ್ತ ತಿರುಗುತ್ತ ಚಂದ್ರನಂತೆ ಅಗಲವಾಗುತ್ತಿತ್ತು. ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರುವರು, ಒಣಹಿಟ್ಟು ಹೋಗಲೆಂದು. ನೀರು ಆರುವಷ್ಟರಲ್ಲಿ ಮಗುಚಿ ಹಾಕಿ, ಆಮೇಲೆ ಬೆಂಕಿಗೆ ಒಡ್ಡಿದರೆ ರೊಟ್ಟಿ ಉಸಿರೆಳೆದುಕೊಂಡಂತೆ ಉಬ್ಬುತ್ತಿತ್ತು.

"ಬಿಸಿ ಬೇಕೋ, ಖಡಕ್ ಬೇಕೋ?" ಅಲ್ಲಿ ನಮಗಿದ್ದ ಆಯ್ಕೆ ಇಷ್ಟೇ. ತಾಟಿನಲ್ಲಿ ಎಣ್ಣೆಗಾಯಿ, ಒಂದು ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಕೆಂಪು ಮೆಣಸಿನಕಾಯಿಯ ಕೆಂಪಿಂಡಿ ಕೇಳಿದರೆ ಉಂಟು. ಪಲ್ಯ ದಿನಕ್ಕೊಂದು, ಯಾವುದೆಂದು ನಿರ್ಧರಿಸುತ್ತಿದ್ದದ್ದು ಬೆಳಗಿನ ಸಂತೆ.

ಒಮ್ಮೆ ಜ್ವರ ಬಂದು ಮೂರು ದಿನ ಹೋಗಿರಲಿಲ್ಲ. ನಾಲ್ಕನೆಯ ದಿನ ಹೋಗಿ ಕೂತೆ. ಅಕ್ಕಾರು ಮುಖ ನೋಡಿದರು. "ಯಾಕ್ರೀ, ಆರಾಮಿಲ್ಲೇನು? ರೊಟ್ಟಿ ಬ್ಯಾಡ ಇವತ್ತ, ತಡೀರಿ" ಎಂದು ಒಳಗೆ ಹೋದವರು ಬಟ್ಟಲಲ್ಲಿ ಬಿಸಿ ಜೋಳದ ನುಚ್ಚು, ಮೇಲೆ ಮಜ್ಜಿಗೆ, ಒಂದು ಚಿಟಿಕೆ ಉಪ್ಪು ಹಾಕಿ ತಂದಿಟ್ಟರು. ಅದು ಅವರ ಮನೆಯವರಿಗೆಂದು ಮಾಡಿದ ನುಚ್ಚು. ಜ್ವರಕ್ಕೆ ಕಹಿಯಾಗಿದ್ದ ನಾಲಗೆಗೆ ಆ ಹುಳಿ ತಂಪು ತಾಗಿದಾಗ ನನಗೆ ನಮ್ಮಮ್ಮನ ರಾಗಿ ಅಂಬಲಿ ನೆನಪಾಯಿತು, ಗಂಟಲು ಕಟ್ಟಿತು. ಹಣ ಕೊಡಲು ಹೋದರೆ, "ನುಚ್ಚಿಗೆ ಯಾರರ ರೊಕ್ಕ ತಗೋತಾರೇನ್ರಿ" ಎಂದರು.

ಊರು ಬಿಟ್ಟು ಹನ್ನೊಂದು ವರ್ಷವಾದ ಮೇಲೆ ಹೋದ ತಿಂಗಳು ಮತ್ತೆ ಹೋಗಿದ್ದೆ. ಒಲೆಯ ಮುಂದೆ ಈಗ ಸೊಸೆ. ಅಕ್ಕಾರು ಬಾಗಿಲ ಬಳಿ ಗಲ್ಲೆಯ ಮೇಲೆ ಕೂತಿದ್ದರು, ಕಣ್ಣು ಮಂಜಾಗಿದೆ. ನನ್ನ ದನಿ ಕೇಳಿ ಗುರುತು ಹಿಡಿದು ಕೂರಿಸಿದರು. ಊರು, ಮಕ್ಕಳು, ಆರೋಗ್ಯ ಎಲ್ಲ ವಿಚಾರಿಸುತ್ತಿದ್ದವರು ನಡುವೆಯೇ ಮಾತು ನಿಲ್ಲಿಸಿ ಒಳಗಿನ ಸಪ್ಪಳಕ್ಕೆ ಕಿವಿಗೊಟ್ಟರು.

"ಹಿಟ್ಟು ಬಿರುಸಾಗೇತವ್ವಾ, ಒಂದೀಟು ನೀರು ಹಚ್ಚು" ಎಂದು ಅಲ್ಲಿಂದಲೇ ಕೂಗಿ ಹೇಳಿದರು.

ಆಗಲೇ ತಾಟಿಗೆ ಬಂದಿದ್ದ ರೊಟ್ಟಿಯನ್ನು ನೋಡಿದೆ. ಅಂಚಿನಲ್ಲಿ ಸಣ್ಣದೊಂದು ಬಿರುಕಿತ್ತು.