ಫಿನ್ಲೆಂಡಿನ ಬೆವರುಮನೆ

ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ, ಕೆಮ್ಮಣ್ಣು ಸುಣ್ಣಗಳಿಂದ ಸಿಂಗರಿಸಿ, ನೀರು ತುಂಬುವ ಸಂಭ್ರಮವನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡವರೇ. ಮರುದಿನ ನಸುಕಿನಲ್ಲಿ ಮೈಗೆ ಎಣ್ಣೆ ತೀಡಿಸಿಕೊಂಡು, ಬಚ್ಚಲುಮನೆಯ ಹೊಗೆ ಹಬೆಗಳ ನಡುವೆ ಸುಡುವ ನೀರನ್ನು ಹುಯ್ಯಿಸಿಕೊಂಡು, ಬಳಿಕ ಕಂಬಳಿ ಹೊದ್ದು ಬೆವರಿದವರಿಗೆ, ಸ್ನಾನವೆಂದರೆ ಕೊಳೆ ತೊಳೆಯುವುದು ಮಾತ್ರವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ನಾವು ಹಬ್ಬಕ್ಕೊಮ್ಮೆ ಅನುಭವಿಸುವ ಈ ಸುಖವನ್ನು ವಾರವಾರವೂ ತಪ್ಪದೆ ಅನುಭವಿಸುವ ಜನರು ಯೂರೋಪಿನ ಉತ್ತರದಲ್ಲಿರುವ ಫಿನ್ಲೆಂಡಿನವರು. ಸುಮಾರು 55 ಲಕ್ಷ ಜನರಿರುವ ಆ ನಾಡಿನಲ್ಲಿ ಬೆವರುಮನೆಗಳು 30 ಲಕ್ಷದಷ್ಟಿವೆಯೆಂದು ಅಂದಾಜು. ಅವರು ಅದನ್ನು ‘ಸೌನಾ’ ಎಂದು ಕರೆಯುತ್ತಾರೆ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಸ್ನಾನಪದ್ಧತಿಯನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ಜೂನ್ ತಿಂಗಳ ಒಂದು ಶನಿವಾರ ನಾನೂ ನನ್ನ ಪತ್ನಿಯೂ ಹೆಲ್ಸಿಂಕಿ ನಗರದಿಂದ ರೈಲು ಹತ್ತಿ ಟಾಂಪೆರೆಗೆ ಹೊರಟೆವು. ಪ್ರಯಾಣ ಒಂದೂವರೆ ಗಂಟೆಯಷ್ಟು. ಕಿಟಕಿಯ ಹೊರಗೆ ಬಿಳಿಯ ತೊಗಟೆಯ ಭೂರ್ಜವೃಕ್ಷಗಳೂ, ನಡುನಡುವೆ ಸರೋವರಗಳೂ ಹಿಂದಕ್ಕೆ ಸರಿಯುತ್ತಿದ್ದವು. ಟಾಂಪೆರೆ ಎರಡು ದೊಡ್ಡ ಸರೋವರಗಳ ನಡುವಣ ಕಿರಿದಾದ ನೆಲದ ಮೇಲೆ ಬೆಳೆದ ಊರು. ಮೇಲಿನ ಸರೋವರದ ನೀರು ಕೆಳಗಿನದಕ್ಕೆ ಧುಮುಕುವ ರಭಸವೇ ಅಲ್ಲಿನ ಗಿರಣಿಗಳನ್ನು ಹುಟ್ಟಿಸಿತು. ಗಿರಣಿಗಳಿಗೆ ಕೂಲಿಕಾರರು ಬಂದರು. ಪಕ್ಕದ ಪಿಸ್ಪಾಲ ಎಂಬ ದಿಣ್ಣೆಯ ಮೇಲೆ ಮರದ ಪುಟ್ಟ ಮನೆಗಳನ್ನು ಕಟ್ಟಿಕೊಂಡರು. ಅಂಥವರಿಗಾಗಿ ಎದ್ದುದು ‘ರಾಯಪೋರ್ಟಿ’ ಎಂಬ ಸಾರ್ವಜನಿಕ ಸೌನಾ. 1906ರಲ್ಲಿ ಆರಂಭವಾದ ಇದು, ಇಂದಿಗೂ ನಡೆಯುತ್ತಿರುವ ಅಂಥ ಸ್ನಾನಗೃಹಗಳಲ್ಲಿ ಆ ದೇಶದಲ್ಲೇ ಅತ್ಯಂತ ಹಳೆಯದು. ಅಲ್ಲಿ ನೆಲೆಸಿರುವ ಕನ್ನಡಿಗ ಮಿತ್ರರೊಬ್ಬರು ನಮ್ಮನ್ನು ಅಲ್ಲಿಗೆ ಕರೆದೊಯ್ದರು.

ಗಂಡಸರಿಗೂ ಹೆಂಗಸರಿಗೂ ಅಲ್ಲಿ ಬೇರೆಬೇರೆ ಕೋಣೆಗಳು. ಮಿತ್ರರ ಪತ್ನಿ ನನ್ನಾಕೆಗೆ ಮೊದಲೇ ಎಚ್ಚರಿಕೆ ಹೇಳಿದ್ದರು: “ಅಕ್ಕಾ, ಮೈಮೇಲೆ ಲೋಹವೆಂಬುದು ಏನೂ ಇರಬಾರದು. ಚಿನ್ನ ಕಾದರೆ ಚರ್ಮ ಸುಡುತ್ತದೆ.” ಆಕೆ ಬಳೆಗಳನ್ನು ಕಳಚಿಟ್ಟಳು, ಮಾಂಗಲ್ಯದ ಸರದ ಬಗೆಗೆ ಒಂದು ಕ್ಷಣ ಅನುಮಾನಿಸಿ, ಚೀಲದಲ್ಲಿದ್ದ ಅರಿಶಿನದ ದಾರವನ್ನು ಕಟ್ಟಿಕೊಂಡು ಒಳಗೆ ಹೋದಳು. ಮನೆಯ ಹೆಂಗಸರು ಇಂಥ ಸ್ನಾನಕ್ಕೆ ಹೋಗುವಾಗ ಈ ಉಪಾಯ ನೆನಪಿನಲ್ಲಿರಲಿ. ನಾನು ಕನ್ನಡಕವನ್ನೂ ಉಂಗುರವನ್ನೂ ತೆಗೆದಿಟ್ಟು, ಮೊದಲು ಮೈ ತೊಳೆದು, ಕುಳಿತುಕೊಳ್ಳಲು ಒಂದು ತುಂಡು ಬಟ್ಟೆಯನ್ನು ಹಿಡಿದು ಒಳಹೊಕ್ಕೆನು.

ಮಬ್ಬುಗತ್ತಲೆಯ ಕೋಣೆ. ಒಂದು ಕಡೆ ಕಲ್ಲುಗಳನ್ನು ಒಡಲಲ್ಲಿ ತುಂಬಿಕೊಂಡ ಭಾರಿ ಒಲೆ. ಸೌದೆ ಉರಿಸಿ ಕಾಯಿಸಿದ ಆ ಕಲ್ಲುಗಳು ಕಾವನ್ನು ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತವೆ. ಎದುರಿಗೆ ಮೆಟ್ಟಿಲುಮೆಟ್ಟಿಲಾಗಿ ಏರಿದ ಮರದ ಹಲಗೆಗಳು. ಕೆಳಗಿನದು ಬೆಚ್ಚಗೆ, ಮೇಲಿನದು ಬೆಂಕಿ. ಬಳ್ಳಾರಿಯ ವೈಶಾಖವನ್ನು ಕಂಡವನಿಗೆ ಈ ಹಿಮದ ನಾಡಿನವರ ಕಾವು ಯಾವ ಲೆಕ್ಕವೆಂದು ಭಾವಿಸಿ, ಮಿತ್ರರು ಬೇಡವೆಂದರೂ ಕೇಳದೆ ನೇರವಾಗಿ ತುತ್ತತುದಿಗೆ ಏರಿ ಕುಳಿತೆ. ಪಕ್ಕದಲ್ಲಿದ್ದ ವೃದ್ಧರೊಬ್ಬರು ಎಲ್ಲರ ಮುಖವನ್ನೂ ನೋಡಿ, ಸಮ್ಮತಿ ಪಡೆದು, ಒಂದು ಸೌಟು ನೀರನ್ನು ಕಲ್ಲುಗಳ ಮೇಲೆ ಎರೆದರು. ಬುಸ್ಸೆಂದು ಸದ್ದಾಯಿತು, ಕಣ್ಣಿಗೆ ಕಾಣದ ಒಂದು ಅಲೆ ಸೂರಿನಿಂದ ಇಳಿದುಬಂದು ಕಿವಿ, ಹೆಗಲು, ಬೆನ್ನುಗಳನ್ನು ಅಪ್ಪಿತು. ಈ ಉಗಿಗೆ ಅವರು ‘ಲೊಯ್ಲು’ ಎನ್ನುತ್ತಾರೆ. ಆ ಪದಕ್ಕೆ ಪೂರ್ವದಲ್ಲಿ ಉಸಿರು, ಪ್ರಾಣ ಎಂಬ ಅರ್ಥವಿತ್ತು.

ಮತ್ತೊಂದು ಸೌಟು, ಮಗುದೊಂದು. ಎದೆ ಡವಡವನೆ ಬಡಿಯತೊಡಗಿತು. ಇಳಿಯಬೇಕೆನಿಸಿತು, ಆದರೆ ಎಪ್ಪತ್ತು ದಾಟಿದ ಮುದುಕರು ಕುಳಿತಿರುವಾಗ ನಾನು ಇಳಿಯುವುದೆಂತು? ಆ ಅಭಿಮಾನದಲ್ಲಿ ಇನ್ನೈದು ನಿಮಿಷ ಕಳೆದು, ಥಟ್ಟನೆ ಎದ್ದು ನಿಂತೆ. ಕಣ್ಣು ಕತ್ತಲೆಗೂಡಿತು; ಕಾಲು ನೆಲವನ್ನು ಕಾಣಲಿಲ್ಲ. ಒಲೆಯ ಕಡೆಗೆ ವಾಲಿದವನನ್ನು ಆ ವೃದ್ಧರೇ ತೋಳು ಹಿಡಿದು ನಿಲ್ಲಿಸಿ, ಒಂದೊಂದೇ ಮೆಟ್ಟಿಲು ಇಳಿಸಿ, ಹೊರಗಿನ ಅಂಗಳದ ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿದರು. ಸಾವರಿಸಿಕೊಂಡ ಮೇಲೆ ಅವರು ಏನೋ ಹೇಳಿ ನಕ್ಕರು. ಮಿತ್ರರು ಕನ್ನಡಿಸಿದರು: “ಇಳಿಯಲು ನಾಚಬೇಡಿ. ಮೇಲಿನ ಹಲಗೆ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಾರೆ.”

ನನಗೆ ಆದುದೇನೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಕಾವಿಗೆ ಚರ್ಮದ ರಕ್ತನಾಳಗಳು ಹಿಗ್ಗಿ, ರಕ್ತ ಮೈಯ ಹೊರಭಾಗಕ್ಕೆ ಹರಿಯುತ್ತದೆ; ಹೃದಯ ವೇಗವಾಗಿ ಬಡಿಯುತ್ತದೆ; ಬೆವರಿನಲ್ಲಿ ಅರ್ಧ ಲೀಟರಿನಷ್ಟು ನೀರು ಕಳೆದುಹೋಗಬಹುದು. ಆಗ ಹಠಾತ್ತನೆ ಎದ್ದರೆ ತಲೆಗೆ ರಕ್ತ ಸಾಲದೆ ಮೂರ್ಛೆ ಬರುವುದು ಸಹಜ. ಇನ್ನು, ನೀರು ಕುದಿಯುವಷ್ಟು ಕಾವಿನಲ್ಲಿ ಮನುಷ್ಯನು ಬದುಕುವುದಾದರೂ ಹೇಗೆ? ಸೌನಾದ ಗಾಳಿ 80ರಿಂದ 100 ಡಿಗ್ರಿಯವರೆಗೆ ಕಾದಿದ್ದರೂ ಒಣಗಾಳಿ. ಬೆವರು ಆರುತ್ತಾ ಮೈಯನ್ನು ತಣಿಸುತ್ತದೆ. ನೀರೆರೆದಾಗ ಮಾತ್ರ ಉಗಿಯು ಚರ್ಮದ ಮೇಲೆ ಹನಿಯಾಗಿ, ತನ್ನಲ್ಲಡಗಿದ ಕಾವನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುತ್ತದೆ. ಆದುದರಿಂದಲೇ ಹಬೆ ತುಂಬಿದ ತುರ್ಕಿ ಬಗೆಯ ಉಗಿಕೋಣೆಗಳನ್ನು 45 ಡಿಗ್ರಿಯ ಆಸುಪಾಸಿನಲ್ಲಿಯೇ ಇಡುತ್ತಾರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಿಡಿದರೆ ಮೈ ಬೆಂದೀತು.

ನನ್ನ ಅಭಿಮಾನ ಒಂದು ತಲೆಸುತ್ತಿನಲ್ಲಿ ಮುಗಿಯಿತು. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ. ಅದೇ ದೇಶದ ಹೈನೋಲ ಎಂಬ ಊರಿನಲ್ಲಿ 1999ರಿಂದ, ಯಾರು ಹೆಚ್ಚು ಹೊತ್ತು ಸೌನಾದಲ್ಲಿ ಕುಳಿತಾರೆಂಬ ಜಾಗತಿಕ ಸ್ಪರ್ಧೆಯೊಂದು ನಡೆಯುತ್ತಿತ್ತು. 2010ರಲ್ಲಿ, 110 ಡಿಗ್ರಿಯ ಕಾವಿನಲ್ಲಿ ಕೊನೆಯವರೆಗೆ ಉಳಿದ ಇಬ್ಬರಲ್ಲಿ ಒಬ್ಬನು ಮಡಿದನು; ಇನ್ನೊಬ್ಬನು ತೀವ್ರವಾದ ಸುಟ್ಟಗಾಯಗಳೊಡನೆ ಬದುಕಿದನು. ಆ ಸ್ಪರ್ಧೆ ಮತ್ತೆ ನಡೆಯಲಿಲ್ಲ.

ಎರಡನೆಯ ಸಲ ನಾನು ಶಿಷ್ಯನಂತೆ ಒಳಹೊಕ್ಕೆ. ಕೆಳಹಲಗೆಯಲ್ಲಿ ಏಳೆಂಟು ನಿಮಿಷ, ಹೊರಗೆ ಬಂದು ತಂಗಾಳಿಯಲ್ಲಿ ಅಷ್ಟೇ ಹೊತ್ತು, ಎರಡು ಗುಟುಕು ನೀರು, ಮತ್ತೆ ಒಳಗೆ. ಎಳೆಯ ಭೂರ್ಜದ ಕೊಂಬೆಗಳನ್ನು ಕಟ್ಟಿದ ‘ವಿಹ್ತ’ ಎಂಬ ಸೂಡಿಯಿಂದ ಆ ವೃದ್ಧರು ಬೆನ್ನನ್ನು ಮೆಲ್ಲಗೆ ಬಡಿದುಕೊಳ್ಳುತ್ತಿದ್ದರು; ನನಗೂ ಕೊಟ್ಟರು. ಮಳೆ ಬಿದ್ದ ಕಾಡಿನ ಪರಿಮಳ ಕೋಣೆಯನ್ನೆಲ್ಲ ತುಂಬಿತು. ಆಗ ತಿಳಿಯಿತು, ಮೊದಲ ಸಲ ನಾನು ಕಾವನ್ನು ಸಹಿಸಿದ್ದೆನೇ ಹೊರತು ಸ್ನಾನ ಮಾಡಿರಲಿಲ್ಲ.

ಇಂದು ನಮ್ಮ ಊರುಗಳ ವ್ಯಾಯಾಮಶಾಲೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಉಗಿಕೋಣೆಗಳು ಬಂದಿರುವುದರಿಂದ, ಗೃಹಸ್ಥರು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡುವುದು ಕ್ಷೇಮ. ಊಟವಾದ ಕೂಡಲೇ ಹೋಗಬಾರದು. ಮದ್ಯ ಸೇವಿಸಿ ಹೋಗಲೇಬಾರದು. ಫಿನ್ಲೆಂಡಿನಲ್ಲಿ ಸೌನಾದೊಳಗೆ ಸಂಭವಿಸಿದ ಅನೇಕ ಸಾವುಗಳ ಹಿಂದೆ ಮದ್ಯವಿದೆ. ಹೊಸಬರು ಒಂಟಿಯಾಗಿ ಹೋಗದಿರಲಿ, ಒಳಗೆ ನಿದ್ರಿಸದಿರಲಿ. ಹತ್ತು ನಿಮಿಷದೊಳಗೆ ಹೊರಬಂದು, ನಿಧಾನವಾಗಿ ಎದ್ದು, ನೀರು ಕುಡಿಯಲಿ. ಹೃದ್ರೋಗವುಳ್ಳವರು, ರಕ್ತದೊತ್ತಡಕ್ಕೆ ಔಷಧ ಸೇವಿಸುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹೋಗಬಾರದು. ಜ್ವರವಿದ್ದಾಗ ಯಾರೂ ಹೋಗಬಾರದು. ಪೂರ್ವ ಫಿನ್ಲೆಂಡಿನ 2,315 ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚು ಸಲ ಸೌನಾಕ್ಕೆ ಹೋಗುತ್ತಿದ್ದವರಲ್ಲಿ ಹೃದಯಸಂಬಂಧವಾದ ಹಠಾತ್ ಮರಣಗಳು ಕಡಮೆಯೆಂದು ಕಂಡುಬಂತು. ಆದರೆ ಅವರು ಬಾಲ್ಯದಿಂದ ಕಾವಿಗೆ ಒಗ್ಗಿದವರು. ಸೌನಾವೇ ಅದಕ್ಕೆ ಕಾರಣವೆಂದೂ ಅದರಿಂದ ಸಿದ್ಧವಾಗುವುದಿಲ್ಲ.

ಇನ್ನೊಂದು ಮಾತು. ಹೊಗೆಗೂಡಿಲ್ಲದ ಹಳೆಯ ಬಗೆಯ ‘ಹೊಗೆಸೌನಾ’ಗಳಲ್ಲಿ, ಬೆಂಕಿ ಪೂರ್ತಿ ಆರಿ, ಹೊಗೆಯೆಲ್ಲ ಹೊರಹೋಗುವವರೆಗೆ ಅವರು ಯಾರನ್ನೂ ಒಳಗೆ ಬಿಡುವುದಿಲ್ಲ, ಕೆಂಡದಿಂದೇಳುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸಿ ಪ್ರಾಣ ಕಳೆದುಕೊಂಡವರ ವಾರ್ತೆ ನಮ್ಮಲ್ಲಿಯೂ ಬರುತ್ತಿರುತ್ತದೆ. ಅದೇ ವಾಯು, ಅದೇ ಎಚ್ಚರಿಕೆ.

ಸ್ನಾನ ಮುಗಿಸಿ ಅಂಗಳಕ್ಕೆ ಬಂದಾಗ ನನ್ನ ಪತ್ನಿ ಅಲ್ಲಿನ ಅಜ್ಜಿಯೊಬ್ಬರ ಪಕ್ಕದಲ್ಲಿ ಕುಳಿತಿದ್ದಳು. ಹಿಂದೆ ಆ ದೇಶದ ಹಳ್ಳಿಗಳಲ್ಲಿ ಹೆರಿಗೆಗಳೂ ಸೌನಾದಲ್ಲಿಯೇ ಆಗುತ್ತಿದ್ದವೆಂದು ಆ ಅಜ್ಜಿ ತಿಳಿಸಿದರಂತೆ. ಈಕೆ ನಮ್ಮ ಬಾಣಂತಿಯರಿಗೆ ಎರೆಯುವ ಬಿಸಿನೀರಿನ ವಿಷಯ ಹೇಳಿದಳಂತೆ. ಮಿತ್ರರ ಪತ್ನಿ ಇಬ್ಬರಿಗೂ ದುಭಾಷಿ. “ನೀವು ಎಷ್ಟು ಹೊತ್ತು ಕುಳಿತಿರಿ?” ಎಂದು ಆಕೆ ನನ್ನನ್ನು ಕೇಳಿದಳು. ನಾನು ನಡೆದುದನ್ನು ಹೇಳಿದೆ. ಆಕೆ ನಗುತ್ತಾ, “ನಾನು ಕೆಳಗಿನ ಹಲಗೆ ಬಿಟ್ಟು ಏಳಲೇ ಇಲ್ಲ. ಬಹಳ ಸುಖವಾಗಿತ್ತು” ಎಂದಳು.

ರಾತ್ರಿ ಹತ್ತಾಗಿದ್ದರೂ ಸೂರ್ಯನಿನ್ನೂ ಮುಳುಗಿರಲಿಲ್ಲ. ದಿಣ್ಣೆಯ ಇಳಿಜಾರಿನಲ್ಲಿ, ಹೊಳೆಯುವ ಸರೋವರವನ್ನು ನೋಡುತ್ತಾ, ನಾವು ಹಗುರವಾದ ಮೈಯಲ್ಲಿ ನಿಧಾನವಾಗಿ ನಡೆದೆವು.